ಕಡತದಲ್ಲಿ ಉಳಿದ ಎಚ್ಚರಿಕೆ

ಕನ್ನಡದಲ್ಲಿ 'ಶಾಸನ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಆಳುವವರು ಮಾಡುವ ಕಟ್ಟಳೆ. ಇನ್ನೊಂದು, ಕಲ್ಲಿನ ಮೇಲೆ ಕೊರೆದ ಬರಹ. ನಮ್ಮ ಹಿಂದಿನವರು ದಾನವನ್ನಾಗಲಿ, ತೆರಿಗೆಯ ವಿನಾಯಿತಿಯನ್ನಾಗಲಿ, ಗಡಿಯ ತೀರ್ಮಾನವನ್ನಾಗಲಿ ಕಲ್ಲಿನಲ್ಲಿ ಬರೆಸಿ ದೇವಾಲಯದ ಮುಂದೆ, ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಕೊಟ್ಟವನು, ಪಡೆದವನು ಇಬ್ಬರೇ ಬಲ್ಲ ಮಾತು ನಾಳೆ ಮರೆತುಹೋಗಬಹುದು, ಮರೆಸಲ್ಪಡಲೂಬಹುದು. ಊರೆಲ್ಲ ಕಂಡ ಮಾತಿಗಾದರೋ ಊರೇ ಸಾಕ್ಷಿ.

ಕಲ್ಲಿನ ಕಾಲ ಹೋಗಿ ಕಾಗದದ ಕಾಲ ಬಂದ ಮೇಲೆ ಆಡಳಿತದ ಮಾತುಗಳೆಲ್ಲ ಕಡತಗಳನ್ನು ಸೇರಿದವು. ಅವುಗಳಲ್ಲಿ ಒಂದು ಬಗೆಯ ಕಾಗದವನ್ನು ಕುರಿತು ಇಲ್ಲಿ ವಿಚಾರ ಮಾಡಬೇಕೆಂದಿದ್ದೇನೆ. ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಒಂದು ಕಟ್ಟಡವನ್ನು ನೋಡಿ ಬರುತ್ತಾರೆ. ಮೆಟ್ಟಿಲು ಇಕ್ಕಟ್ಟಾಗಿದೆ, ಹಿಂಬಾಗಿಲಿಗೆ ಬೀಗ ಬಿದ್ದಿದೆ, ಮೂಲೆಯಲ್ಲಿ ಉರಿಯುವ ಕಸ ತುಂಬಿದೆ. ಇಂತಿಷ್ಟು ದಿನಗಳಲ್ಲಿ ಇದನ್ನೆಲ್ಲ ಸರಿಪಡಿಸತಕ್ಕದ್ದೆಂದು ಅವರು ಮಾಲೀಕನಿಗೆ ನೋಟೀಸು ಕೊಡುತ್ತಾರೆ. ಬರೆದವರು ಒಬ್ಬರು, ಓದಿದವರು ಒಬ್ಬರು. ಆದರೆ ಆ ಕಾಗದದ ವಿಷಯವಾಗಿರುವ ಪ್ರಾಣ ಇವರಿಬ್ಬರದೂ ಅಲ್ಲ. ನಾಳೆ ಆ ಕಟ್ಟಡದೊಳಕ್ಕೆ ಕಾಲಿಡುವ ಮೂರನೆಯವನದು. ಆ ಮೂರನೆಯವನಿಗೆ ಕಾಗದವನ್ನು ಓದುವ ಹಕ್ಕುಂಟೇ? ಈ ಪ್ರಶ್ನೆಗೆ ಉಂಟು ಎಂದು ಉತ್ತರ ಹೇಳಲು ಇಂಗ್ಲೆಂಡಿನಂತಹ ದೇಶಕ್ಕೂ 1988ನೆಯ ಇಸವಿಯವರೆಗೆ ಕಾಲ ಬೇಕಾಯಿತು. ಹೇಳಿದ ಉತ್ತರವಾದರೂ ಪೂರ್ಣವಾಗಿರಲಿಲ್ಲ.

ಕಥೆಯನ್ನು ಬ್ರಾಡ್‌ಫರ್ಡ್ ನಗರದಿಂದ ಆರಂಭಿಸಬಹುದು. ಉತ್ತರ ಇಂಗ್ಲೆಂಡಿನ ಈ ಊರು ಉಣ್ಣೆಯ ಗಿರಣಿಗಳಿಗೆ ಹೆಸರಾದದ್ದು. 1985ರ ಮೇ 11, ಶನಿವಾರ. ಊರಿನ ಕಾಲ್ಚೆಂಡಿನ ತಂಡ ಮೂರನೆಯ ದರ್ಜೆಯಲ್ಲಿ ಗೆದ್ದು ಎರಡನೆಯ ದರ್ಜೆಗೆ ಏರಿತ್ತು. ಆ ದಿನ ಪಂದ್ಯಕ್ಕೆ ಮೊದಲು ತಂಡಕ್ಕೆ ಪ್ರಶಸ್ತಿ ಪ್ರದಾನ. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಜ್ಜಂದಿರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಪಂದ್ಯದ ಮೊದಲರ್ಧ ಮುಗಿಯುವುದಕ್ಕೆ ಕೆಲವು ನಿಮಿಷಗಳಿರುವಾಗ ಮುಖ್ಯ ಗ್ಯಾಲರಿಯ ಒಂದು ಕೊನೆಯಲ್ಲಿ, ಆಸನಗಳ ಕೆಳಗೆ ಸಣ್ಣದೊಂದು ಉರಿ ಕಾಣಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಮರದ ಗ್ಯಾಲರಿ ಅದು. ಮೇಲ್ಛಾವಣಿಯೂ ಮರದ್ದೇ, ಅದಕ್ಕೆ ಡಾಂಬರಿನ ಹೊದಿಕೆ. ಉರಿ ಕಂಡ ನಾಲ್ಕೈದು ನಿಮಿಷಗಳಲ್ಲಿ ಇಡೀ ಗ್ಯಾಲರಿ ಬೆಂಕಿಯ ಗೋಡೆಯಾಗಿ ನಿಂತಿತು. ಮುಂದಕ್ಕೆ ಮೈದಾನದತ್ತ ಹಾರಿದವರು ಬಹುಮಂದಿ ಉಳಿದುಕೊಂಡರು. ಬಂದ ದಾರಿಯಲ್ಲೇ ಹೊರಟುಹೋಗೋಣವೆಂದು ಹಿಂದಕ್ಕೆ ಓಡಿದವರಿಗೆ ಮುಚ್ಚಿದ ಬಾಗಿಲುಗಳು ಎದುರಾದವು. ಒಟ್ಟು 56 ಮಂದಿ ತೀರಿಕೊಂಡರು. ಪಂದ್ಯದ ಚಿತ್ರೀಕರಣಕ್ಕೆ ಬಂದಿದ್ದ ದೂರದರ್ಶನದ ಕ್ಯಾಮರಾಗಳು ಇದೆಲ್ಲವನ್ನೂ ಚಿತ್ರಿಸಿಕೊಂಡವು.

ನ್ಯಾಯಮೂರ್ತಿ ಪಾಪಲ್‌ವೆಲ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. ಬೆಂಕಿಯ ಮೂಲ ಬಹಳ ಸಣ್ಣದು: ಯಾರೋ ಸೇದಿ ಬಿಸುಟ ಸಿಗರೇಟೋ ಕಡ್ಡಿಯೋ ಹಲಗೆಗಳ ಸಂದಿನಿಂದ ಕೆಳಗೆ ಬಿದ್ದಿರಬೇಕು. ಕೆಳಗಿನ ಪೊಳ್ಳಿನಲ್ಲಿ ವರ್ಷಗಳಿಂದ ಕಸ ಬಿದ್ದು ಬಿದ್ದು ರಾಶಿಯಾಗಿತ್ತು. ಬೆಂಕಿ ಆರಿದ ಮೇಲೆ ಆ ಕಸದಲ್ಲಿ 1968ರ ಒಂದು ವೃತ್ತಪತ್ರಿಕೆ ಸಿಕ್ಕಿತು. ಕಡಲೆಕಾಯಿಯ ಒಂದು ಪೊಟ್ಟಣವೂ ಸಿಕ್ಕಿತು. ಅದರ ಮೇಲಿದ್ದ ಬೆಲೆ 1971ರಲ್ಲಿ ರದ್ದಾದ ಹಳೆಯ ನಾಣ್ಯದ ಲೆಕ್ಕದ್ದು. ಆ ಪೊಟ್ಟಣವನ್ನು ಬಿಸಾಡಿದ ಹುಡುಗ ಬೆಳೆದು ತನ್ನ ಮಗನನ್ನು ಅದೇ ಗ್ಯಾಲರಿಗೆ ಕರೆತರುವಷ್ಟು ಕಾಲ ಕಸ ಅಲ್ಲಿಯೇ ಇತ್ತು.

ಆ ಕಸವನ್ನು ಯಾರೂ ಕಂಡಿರಲಿಲ್ಲವೆಂದಿದ್ದರೆ ಇದು ದುರಂತವೊಂದರ ಕಥೆಯಾಗಿ ಮುಗಿಯುತ್ತಿತ್ತು. ಕಂಡವರಿದ್ದರು. ದುರಂತಕ್ಕೆ ಹತ್ತು ತಿಂಗಳು ಮೊದಲು, 1984ರ ಜುಲೈಯಲ್ಲಿ, ವೆಸ್ಟ್ ಯಾರ್ಕ್‌ಷೈರ್ ಕೌಂಟಿ ಕೌನ್ಸಿಲಿನಿಂದ ಕ್ಲಬ್ಬಿಗೆ ಒಂದು ಪತ್ರ ಹೋಗಿತ್ತು. ಗ್ಯಾಲರಿ ಮರದ್ದಾದ್ದರಿಂದ ಬೆಂಕಿಯ ಭಯವಿದೆ, ಆಸನಗಳ ಕೆಳಗೆ ಉರಿಯುವ ವಸ್ತುಗಳು ಸೇರಿಕೊಂಡಿವೆ, ಅಜಾಗರೂಕತೆಯಿಂದ ಎಸೆದ ಒಂದು ಸಿಗರೇಟಿನಿಂದ ಅನಾಹುತವಾಗಬಹುದು ಎಂಬುದು ಅದರ ಸಾರಾಂಶ. ಮುಂದೆ ನಡೆದದ್ದನ್ನು ಮೊದಲೇ ಬರೆದಿಟ್ಟಂತಿದೆ ಆ ಪತ್ರ. ಕ್ಲಬ್ಬಿನವರೂ ಸುಮ್ಮನೆ ಕುಳಿತವರಲ್ಲ. ಹೊಸ ಛಾವಣಿಗೆ ಬೇಕಾದ ಉಕ್ಕು ಬಂದು ಬಿದ್ದಿತ್ತು, ಕ್ರೀಡಾಋತು ಮುಗಿದೊಡನೆ ಕೆಲಸ ಆರಂಭವಾಗುವುದಿತ್ತು. ಆ ಶನಿವಾರದ ಪಂದ್ಯ ಋತುವಿನ ಕೊನೆಯ ಪಂದ್ಯ.

1987ರಲ್ಲಿ ನೊಂದವರು ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಸರ್ ಜೋಸೆಫ್ ಕ್ಯಾಂಟ್ಲಿ ಹೊಣೆಯನ್ನು ಹಂಚಿದರು: ಮೂರರಲ್ಲಿ ಎರಡು ಪಾಲು ಕ್ಲಬ್ಬಿನದು, ಒಂದು ಪಾಲು ಕೌಂಟಿ ಕೌನ್ಸಿಲಿನದು. ಅಪಾಯವನ್ನು ಅರಿತೂ ತನ್ನ ಅಧಿಕಾರವನ್ನು ಬಳಸದೆ ಉಳಿದ ತಪ್ಪು ಕೌನ್ಸಿಲಿನ ಮೇಲೆ ಬಂತು. ಈ ತೀರ್ಪು ನ್ಯಾಯವಾದದ್ದೇ. ಆದರೆ ನನ್ನ ಮನಸ್ಸು ಹೋಗುವುದು ಟಿಕೆಟ್ಟು ಕೊಂಡು ಒಳಗೆ ಕುಳಿತವರ ಕಡೆಗೆ. ಗ್ಯಾಲರಿಯ ಅಪಾಯವನ್ನು ಬಲ್ಲವರು ಎರಡು ಕಚೇರಿಗಳಲ್ಲಿ ಕೆಲವೇ ಮಂದಿ. ಅದನ್ನು ಅರಿಯದೆ ಅದರ ಮೇಲೆ ಕುಳಿತವರು ಸಾವಿರಾರು. ಆ ಪತ್ರದ ಒಂದು ಪ್ರತಿ ಟಿಕೆಟ್ಟಿನ ಕಿಟಕಿಯ ಬಳಿ ಅಂಟಿಸಿದ್ದರೆ ಏನಾಗುತ್ತಿತ್ತು? ಕೆಲವರಾದರೂ ಎದುರಿನ ಗ್ಯಾಲರಿಗೆ ಹೋಗುತ್ತಿದ್ದರು. ಊರಿನ ಪತ್ರಿಕೆ ನಾಲ್ಕು ಸಾಲು ಬರೆಯುತ್ತಿತ್ತು. ಹತ್ತು ತಿಂಗಳಲ್ಲಿ ಒಬ್ಬರಾದರೂ ಪೊರಕೆ ಹಿಡಿದು ಆ ಪೊಳ್ಳಿಗೆ ಇಳಿಯುತ್ತಿದ್ದರು.

ಪತ್ರವನ್ನು ಅಂಟಿಸುವ ಸಂಪ್ರದಾಯ ಅಲ್ಲಿ ಏಕಿರಲಿಲ್ಲವೆಂಬುದನ್ನು ತಿಳಿಯಲು ಇಂಗ್ಲೆಂಡಿನ ಎರಡು ಬಗೆಯ ಕಾಯಿದೆಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಮೊದಲನೆಯದು ಬೆಂಕಿಯ ಕಾಯಿದೆಗಳದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮದು. ಇಂಗ್ಲಿಷರ ಶಾಸನಸಭೆ ಪ್ರತಿ ಮನೆ ಉರಿದ ಮೇಲೂ ಆ ಮನೆಯ ಅಂಗಳಕ್ಕೆ ಮಾತ್ರ ಒಂದು ಬಾವಿ ತೋಡುತ್ತ ಬಂದಿತು. 1956ರಲ್ಲಿ ಕೀತ್ಲಿಯ ಉಣ್ಣೆಯ ಗಿರಣಿಯೊಂದರಲ್ಲಿ ಎಂಟು ಮಂದಿ ಸತ್ತ ಮೇಲೆ ಕಾರ್ಖಾನೆಗಳ ಕಾಯಿದೆ ಬಿಗಿಯಾಯಿತು. 1960ರಲ್ಲಿ ಲಿವರ್‌ಪೂಲಿನ ದೊಡ್ಡ ಅಂಗಡಿಯೊಂದರಲ್ಲಿ 11 ಮಂದಿ ತೀರಿಕೊಂಡರು. 1963ರಲ್ಲಿ ಅಂಗಡಿ ಕಚೇರಿಗಳ ಕಾಯಿದೆ ಬಂತು. 1969ರ ಕ್ರಿಸ್‌ಮಸ್ಸಿನ ಮಾರನೆಯ ದಿನ ಸ್ಯಾಫ್ರನ್ ವಾಲ್ಡನ್ ಎಂಬ ಚಿಕ್ಕ ಊರಿನ ಹಳೆಯ ಹೋಟೆಲೊಂದು ಉರಿದು ಅಲ್ಲಿಯೂ 11 ಮಂದಿ ಮಡಿದರು. 1971ರ ಅಗ್ನಿ ಮುನ್ನೆಚ್ಚರಿಕೆ ಕಾಯಿದೆ ಹುಟ್ಟಿತು. ಬ್ರಾಡ್‌ಫರ್ಡಿನ ಮೈದಾನ ಈ ಬಾವಿಗಳ ನಡುವಣ ಒಣನೆಲದಲ್ಲಿತ್ತು. 1975ರ ಕ್ರೀಡಾಂಗಣ ಸುರಕ್ಷತೆಯ ಕಾಯಿದೆಯ ಕಟ್ಟುಪಾಡು ಅಂದು ಮೇಲಿನ ದರ್ಜೆಯ ತಂಡಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮೂರನೆಯ ದರ್ಜೆಯ ತಂಡದ ಮೈದಾನಕ್ಕೆ ಪ್ರಮಾಣಪತ್ರ ಬೇಕಿರಲಿಲ್ಲ. ದುರಂತದ ನಂತರ, 1987ರಲ್ಲಿ, ಅಲ್ಲಿಗೂ ಒಂದು ಬಾವಿಯಾಯಿತು. ಅದುವರೆಗೆ ಅಪಾಯದ ಕಟ್ಟಡವನ್ನು ಮುಚ್ಚಿಸಲು ಅಗ್ನಿಶಾಮಕ ಅಧಿಕಾರಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿತ್ತು. ಅಂದಿನಿಂದ ತಾವೇ ನೇರವಾಗಿ ನಿಷೇಧದ ನೋಟೀಸು ಕೊಡುವ ಅಧಿಕಾರ ಅವರಿಗೆ ಬಂತು.

ಎರಡನೆಯ ಚರಿತ್ರೆ ಗೋಪ್ಯತೆಯದು. 1911ರ ಆಗಸ್ಟಿನಲ್ಲಿ, ಜರ್ಮನಿಯ ಭಯ ಕವಿದಿದ್ದಾಗ, ಬ್ರಿಟಿಷ್ ಕಾಮನ್ಸ್ ಸಭೆ ಅಧಿಕೃತ ರಹಸ್ಯಗಳ ಕಾಯಿದೆಯನ್ನು ಒಂದೇ ಅಪರಾಹ್ನದಲ್ಲಿ, ಚರ್ಚೆಯೆಂಬುದೇ ಇಲ್ಲದಂತೆ ಅಂಗೀಕರಿಸಿತು. ಗೂಢಚಾರರಿಗೆಂದು ಹೆಣೆದ ಬಲೆಯಾದರೂ ಅದರ ಎರಡನೆಯ ವಿಧಿ ಸರ್ಕಾರದ ಎಲ್ಲ ನೌಕರರನ್ನೂ ಸುತ್ತಿಕೊಂಡಿತು. ಅಪ್ಪಣೆಯಿಲ್ಲದೆ ಕಚೇರಿಯ ಯಾವ ವಿಷಯವನ್ನು ಹೊರಗೆ ಹೇಳಿದರೂ ಅದು ಅಪರಾಧ. ಯುದ್ಧನೌಕೆಯ ನಕ್ಷೆಗೂ ಸಾಮಾನ್ಯ ಕಚೇರಿಯ ಟಿಪ್ಪಣಿಗೂ ಆ ವಿಧಿಯ ಕಣ್ಣಿನಲ್ಲಿ ಭೇದವಿರಲಿಲ್ಲ. 1972ರಲ್ಲಿ ಲಾರ್ಡ್ ಫ್ರ್ಯಾಂಕ್ಸ್ ಸಮಿತಿ ಇದನ್ನು ತೆಗೆದುಹಾಕಿ ಬೇರೊಂದನ್ನು ತರಬೇಕೆಂದು ಶಿಫಾರಸು ಮಾಡಿದರೂ ಆ ಕೆಲಸ 1989ರ ಕಾಯಿದೆ ಬರುವವರೆಗೆ ನಡೆಯಲಿಲ್ಲ. 1974ರ ಆರೋಗ್ಯ ಮತ್ತು ಸುರಕ್ಷತೆಯ ಕಾಯಿದೆಯೂ ಇದೇ ಮನೋಧರ್ಮದ್ದು. ಇನ್‌ಸ್ಪೆಕ್ಟರು ಕಂಡ ಸಂಗತಿಯನ್ನು ಅಲ್ಲಿನ ಕಾರ್ಮಿಕರಿಗೆ ತಿಳಿಸಲು ಅದರಲ್ಲಿ ಅವಕಾಶವಿತ್ತು. ಕಾರ್ಖಾನೆಯ ಗೋಡೆಯಾಚೆ ವಾಸಿಸುವವರಿಗೆ ತಿಳಿಸಲು ಇರಲಿಲ್ಲ.

ಇಂತಹ ವಾತಾವರಣದಲ್ಲಿ, 1984ರಲ್ಲಿ, ಮಾಹಿತಿ ಸ್ವಾತಂತ್ರ್ಯಕ್ಕಾಗಿ ಒಂದು ಆಂದೋಲನ ಲಂಡನ್ನಿನಲ್ಲಿ ಆರಂಭವಾಯಿತು. ಅಂದಿನ ಸರ್ಕಾರ ಸಮಗ್ರವಾದ ಮಾಹಿತಿ ಕಾಯಿದೆಗೆ ಒಪ್ಪುವಂತಿರಲಿಲ್ಲ. ಆಗ ಆಂದೋಲನದವರು ಬುದ್ಧಿವಂತಿಕೆಯ ದಾರಿಯೊಂದನ್ನು ಹಿಡಿದರು: ಕೋಟೆಯ ಹೆಬ್ಬಾಗಿಲು ತೆರೆಯದಿದ್ದರೆ ಕಿಟಕಿಗಳನ್ನು ಒಂದೊಂದಾಗಿ ತೆರೆಸುವುದು. ಪಾರ್ಲಿಮೆಂಟಿನ ಸಾಮಾನ್ಯ ಸದಸ್ಯರು ಖಾಸಗಿಯಾಗಿ ಮಸೂದೆ ತರಬಹುದಷ್ಟೆ. 1985ರಲ್ಲಿ ರಾಬಿನ್ ಸ್ಕ್ವಯರ್ ಅವರ ಮಸೂದೆಯಿಂದ ಸ್ಥಳೀಯ ಸಂಸ್ಥೆಗಳ ಸಮಿತಿ ಸಭೆಗಳೂ ಕಾಗದಪತ್ರಗಳೂ ಜನರಿಗೆ ತೆರೆದುಕೊಂಡವು. 1987ರಲ್ಲಿ ಆರ್ಚಿ ಕರ್ಕ್‌ವುಡ್ ಅವರ ಮಸೂದೆಯಿಂದ ತನ್ನ ಬಗ್ಗೆ ಇರುವ ಕಡತಗಳಲ್ಲಿ ಕೆಲವನ್ನು ನೋಡುವ ಹಕ್ಕು ಪ್ರಜೆಗೆ ಬಂತು. 1988ರಲ್ಲಿ ಕ್ರಿಸ್ ಸ್ಮಿತ್ ಅವರು ತಂದದ್ದು ಪರಿಸರ ಮತ್ತು ಸುರಕ್ಷತೆಯ ಮಾಹಿತಿ ಕಾಯಿದೆ. ನಮ್ಮ ವಿಷಯಕ್ಕೆ ಸೇರಿದ ಕಿಟಕಿ ಇದೇ.

ಆ ಕಾಯಿದೆ ಕೆಲವೇ ಪುಟಗಳದು. ಸುರಕ್ಷತೆಯ ವಿಷಯದಲ್ಲಿ ನೋಟೀಸು ಕೊಡುವ ಅಧಿಕಾರವುಳ್ಳ ಸಂಸ್ಥೆಗಳು, ಅಗ್ನಿಶಾಮಕ ಪ್ರಾಧಿಕಾರವೂ ಸೇರಿ, ಒಂದೊಂದು ರಿಜಿಸ್ಟರು ಇಡತಕ್ಕದ್ದು. ಕೊಟ್ಟ ನೋಟೀಸನ್ನು ಅದರಲ್ಲಿ ನಮೂದಿಸತಕ್ಕದ್ದು. ಯಾವ ಪ್ರಜೆಯಾದರೂ ಯುಕ್ತ ಸಮಯದಲ್ಲಿ ಬಂದು ದುಡ್ಡು ಕೊಡದೆ ಅದನ್ನು ನೋಡಬಹುದು. ಪ್ರತಿ ಬೇಕಾದರೆ ಮಿತವಾದ ಶುಲ್ಕ. ಏಕೆ ನೋಡಬೇಕೆಂದು ಅವನನ್ನು ಕೇಳುವಂತಿಲ್ಲ. ನಮೂದು ಕಡಮೆಯೆಂದರೆ ಮೂರು ವರ್ಷ ಅಲ್ಲಿರಬೇಕು.

ಮಾಲೀಕರ ಕಡೆಯ ನ್ಯಾಯವನ್ನೂ ಕಾಯಿದೆ ಮರೆಯಲಿಲ್ಲ. ನೋಟೀಸು ತಪ್ಪೆಂದು ತೋರಿದರೆ ಮೇಲ್ಮನವಿಯ ಅವಕಾಶವಿದೆ. ಅದರ ಅವಧಿ ಕಳೆಯುವವರೆಗೆ, ಅಥವಾ ಮನವಿ ತೀರ್ಮಾನವಾಗುವವರೆಗೆ, ರಿಜಿಸ್ಟರಿನಲ್ಲಿ ಹೆಸರು ಬರುವುದಿಲ್ಲ. ವ್ಯಾಪಾರದ ಗುಟ್ಟು ಬಯಲಾಗುವಂತಿದ್ದರೆ ಆ ಭಾಗವನ್ನು ಬಿಡಿಸಿಕೊಳ್ಳಲು ಕೇಳಬಹುದು. ಸರಿಪಡಿಸಿದ್ದಾಯಿತೆಂದು ಅಧಿಕಾರಿಗಳಿಗೆ ತೃಪ್ತಿಯಾದರೆ ಅದನ್ನೂ ಅಲ್ಲಿಯೇ ಬರೆಯಬೇಕು. ಈ ಕೊನೆಯ ಅಂಶ ಬಹಳ ಮುಖ್ಯವಾದದ್ದು. ರಿಜಿಸ್ಟರು ಕಳಂಕದ ಪಟ್ಟಿಯಾಗಬಾರದು. ತಪ್ಪಿದ್ದು, ತಿದ್ದಿಕೊಂಡದ್ದು ಎರಡೂ ಅದರಲ್ಲಿ ಕಾಣಬೇಕು. ಜನ ಸುಮ್ಮನೆ ಗಾಬರಿಯಾಗುತ್ತಾರೆಂಬ ಆಕ್ಷೇಪಣೆ ಇಂತಹ ಪ್ರತಿಯೊಂದು ಪ್ರಯತ್ನಕ್ಕೂ ಎದುರಾಗುತ್ತದೆ. ಗಾಬರಿ ಹುಟ್ಟುವುದು ಅರ್ಧ ತಿಳಿದಾಗ. ಪೂರ್ತಿ ತಿಳಿದವನು ಎಚ್ಚರಗೊಳ್ಳುತ್ತಾನೆ.

1971ರ ಕಾಯಿದೆಗೆ ಬದಲಾಗಿ 2005ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೊಸ ಅಗ್ನಿಸುರಕ್ಷತಾ ಆದೇಶವಾಯಿತು. 2006ರ ಅಕ್ಟೋಬರಿನಲ್ಲಿ ಅದು ಜಾರಿಗೆ ಬಂದಾಗ ಹಳೆಯ ಪ್ರಮಾಣಪತ್ರಗಳ ಪದ್ಧತಿ ಹೋಯಿತು. ಕಟ್ಟಡದ ಹೊಣೆಗಾರನೇ ಅಪಾಯವನ್ನು ಅಳೆದು ತಕ್ಕ ವ್ಯವಸ್ಥೆ ಮಾಡಬೇಕು, ಮಾಡದಿದ್ದರೆ ಅಧಿಕಾರಿಗಳು ನೋಟೀಸು ಕೊಡಬೇಕು ಎಂಬುದು ಹೊಸ ಪದ್ಧತಿ. ಬಾಗಿಲಲ್ಲಿ ತೂಗುಹಾಕಲು ಪ್ರಮಾಣಪತ್ರವೇ ಇಲ್ಲವಾದ ಮೇಲೆ ರಿಜಿಸ್ಟರಿನ ಬೆಲೆ ಹೆಚ್ಚಿತು. ಮುಂದೆ ಅಗ್ನಿಶಾಮಕ ಮುಖ್ಯಸ್ಥರ ಸಂಘ ಬೇರೆ ಬೇರೆ ದಳಗಳ ನಮೂದುಗಳನ್ನು ಒಂದೆಡೆ ಸೇರಿಸಿ ಎಲ್ಲರೂ ಕುಳಿತಲ್ಲೇ ನೋಡುವಂತೆ ಮಾಡಿತು. ಊರು, ಕಟ್ಟಡ, ದಿನಾಂಕ, ಯಾವ ವಿಧಿಯ ಉಲ್ಲಂಘನೆ, ಪಾಲನೆಯಾಯಿತೇ ಇಲ್ಲವೇ: ಒಣ ಸಾಲುಗಳು. ಸಾಹಿತ್ಯದ ದೃಷ್ಟಿಯಿಂದ ಅವುಗಳಲ್ಲಿ ಏನೂ ಇಲ್ಲ. ಆದರೆ ಮಗಳನ್ನು ಹಾಸ್ಟೆಲಿಗೆ ಸೇರಿಸಹೊರಟ ತಂದೆಗೆ, ತಾಯಿಯನ್ನು ವೃದ್ಧರ ಶುಶ್ರೂಷಾಗೃಹಕ್ಕೆ ಬಿಡಬೇಕಾಗಿ ಬಂದ ಮಗನಿಗೆ ಆ ಸಾಲುಗಳಿಗಿಂತ ಉಪಯುಕ್ತವಾದ ಬರಹ ಬೇರೊಂದಿಲ್ಲ.

ಇಲ್ಲಿಗೆ ಕಥೆಯನ್ನು ಸುಖಾಂತವಾಗಿ ಮುಗಿಸಬಹುದಿತ್ತು. ಹಾಗೆ ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ಕಾಯಿದೆ ತೆರೆದಿಟ್ಟದ್ದು ವಿಧಿವತ್ತಾದ ನೋಟೀಸನ್ನು ಮಾತ್ರ. ಅಧಿಕಾರಿಗಳು ಎಲ್ಲ ಸಂದರ್ಭದಲ್ಲೂ ನೋಟೀಸಿಗೆ ಕೈಹಾಕುವುದಿಲ್ಲ. ಮೊದಲು ಪತ್ರ ಬರೆಯುತ್ತಾರೆ, ಸಲಹೆ ಕೊಡುತ್ತಾರೆ, ಕೊರತೆಗಳ ಪಟ್ಟಿ ಕಳುಹಿಸುತ್ತಾರೆ. ಇದು ವಿವೇಕದ ಕ್ರಮವೇ. ಆದರೆ ಆ ಪತ್ರಗಳು ರಿಜಿಸ್ಟರಿಗೆ ಸೇರುವುದಿಲ್ಲ. ಈಗ ಬ್ರಾಡ್‌ಫರ್ಡಿನ ಪತ್ರವನ್ನು ಮತ್ತೊಮ್ಮೆ ನೆನೆಯೋಣ. ಅದು ನೋಟೀಸಲ್ಲ, ಪತ್ರ. 1988ರ ಕಾಯಿದೆ 1984ರಲ್ಲೇ ಇದ್ದಿದ್ದರೂ ಆ ಪತ್ರ ಕಡತದಲ್ಲೇ ಉಳಿಯುತ್ತಿತ್ತು!

ಈ ಲೋಪ ಕೇವಲ ತರ್ಕದ ಮಾತಲ್ಲವೆಂಬುದಕ್ಕೆ ಲಂಡನ್ನಿನ ಗ್ರೆನ್‌ಫೆಲ್ ಗೋಪುರವೇ ಸಾಕ್ಷಿ. 2015ರ ಅಕ್ಟೋಬರಿನಲ್ಲಿ ಅದೇ ಬಡಾವಣೆಯಾಡಳಿತಕ್ಕೆ ಸೇರಿದ ಅಡೇರ್ ಗೋಪುರದಲ್ಲಿ ಬೆಂಕಿ ಹೊತ್ತಿತ್ತು. ಮನೆಗಳ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುವ ಏರ್ಪಾಡು ಸರಿಯಿಲ್ಲವೆಂದು ಆ ಕಟ್ಟಡಕ್ಕೆ ವಿಧಿವತ್ತಾದ ಜಾರಿ ನೋಟೀಸು ಬಂತು. ಮರುವರ್ಷ, 2016ರ ನವೆಂಬರಿನಲ್ಲಿ, ಬಾಗಿಲುಗಳ ಇದೇ ದೋಷವೂ ಸೇರಿದಂತೆ ಕೊರತೆಗಳನ್ನು ಸೂಚಿಸುವ ತಿಳಿವಳಿಕೆ ಗ್ರೆನ್‌ಫೆಲ್ ಗೋಪುರಕ್ಕೂ ಹೋಯಿತು. ಆದರೆ ಅದು ಜಾರಿ ನೋಟೀಸಿಗಿಂತ ಒಂದು ಮೆಟ್ಟಿಲು ಕೆಳಗಿನದು, ರಿಜಿಸ್ಟರಿಗೆ ಬಾರದಂತಹದು. 2017ರ ಜೂನ್ 14ರ ನಸುಕಿನಲ್ಲಿ ಆ ಗೋಪುರ ಉರಿಯಿತು. 72 ಮಂದಿ ಮಡಿದರು. ಅಲ್ಲಿ ಬೆಂಕಿ ಹಬ್ಬಿದ್ದಕ್ಕೆ ಮುಖ್ಯ ಕಾರಣ ಹೊರಗೋಡೆಗೆ ಹೊದಿಸಿದ್ದ ಉರಿಯುವ ಹಲಗೆಗಳು. ಬಾಗಿಲೊಂದು ಸರಿಯಿದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೂ ತಾವಾಗಿ ಮುಚ್ಚಿಕೊಳ್ಳದ ಬಾಗಿಲುಗಳಿಂದ ಹೊಗೆ ಮೊಗಸಾಲೆಗಳಿಗೆ ನುಗ್ಗಿತೆಂದು ಸರ್ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣಾ ವರದಿ 2019ರಲ್ಲಿ ಹೇಳಿತು. ಆ ದುರಂತದ ನಂತರ ಬಂದ 2022ರ ನಿಯಮಗಳು ಬಾಗಿಲುಗಳ ಮಹತ್ವವನ್ನೂ ಬೆಂಕಿ ಬಿದ್ದಾಗ ನಡೆದುಕೊಳ್ಳಬೇಕಾದ ಕ್ರಮವನ್ನೂ ನಿವಾಸಿಗಳಿಗೆ ತಿಳಿಸತಕ್ಕದ್ದೆಂದು ವಿಧಿಸಿದವು. ಮತ್ತೊಂದು ಬಾವಿ, ಮತ್ತೊಂದು ಅಂಗಳದಲ್ಲಿ.

ಈ ಕಥೆ ನಮಗೆ ದೂರದ್ದಲ್ಲ. 1911ರ ಬ್ರಿಟಿಷ್ ಕಾಯಿದೆಯ ಸಂತಾನವೇ 1923ರ ನಮ್ಮ ಅಧಿಕೃತ ರಹಸ್ಯಗಳ ಕಾಯಿದೆ. ಗೋಪ್ಯತೆಯ ಅಭ್ಯಾಸ ಅಲ್ಲಿಂದಲೇ ನಮ್ಮ ಕಚೇರಿಗಳಿಗೆ ಬಂದದ್ದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಹೊಗೆಗೆ ಬಲಿಯಾದರು. 1983ರಷ್ಟು ಹಿಂದೆಯೇ ಸುರಕ್ಷತೆಯ ಕೊರತೆಗಳಿಗಾಗಿ ಆ ಚಿತ್ರಮಂದಿರದ ಪರವಾನಗಿಯನ್ನು ತಾತ್ಕಾಲಿಕವಾಗಿ ಅಮಾನತು ಮಾಡಿದ್ದುಂಟು. ನ್ಯಾಯಾಲಯದ ತಡೆಯಾಜ್ಞೆಯ ಬಲದಿಂದ ಪ್ರದರ್ಶನ ಮುಂದುವರಿದಿತ್ತು. ಹದಿನಾಲ್ಕು ವರ್ಷಗಳ ನಂತರ ಟಿಕೆಟ್ಟು ಕೊಂಡ ಪ್ರೇಕ್ಷಕ ಇದನ್ನು ತಿಳಿಯುವ ಬಗೆ ಯಾವುದು? ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ತೀರಿಕೊಂಡರು. ಹೊಗೆ ತಾಳಲಾರದೆ ಮೇಲಿನ ಅಂತಸ್ತಿನಿಂದ ಧುಮುಕಿದವರೂ ಅವರಲ್ಲಿದ್ದರು.

2005ರ ಮಾಹಿತಿ ಹಕ್ಕಿನ ಕಾಯಿದೆ ನಮಗೆ ಹೆಬ್ಬಾಗಿಲನ್ನೇ ತೆರೆದುಕೊಟ್ಟಿದೆ. ಕೇಳಿದರೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ ನಲವತ್ತೆಂಟು ಗಂಟೆಗಳಲ್ಲೇ. ಆದರೆ ಅರ್ಜಿ ಕೊಡುವುದಕ್ಕೂ ರಿಜಿಸ್ಟರು ನೋಡುವುದಕ್ಕೂ ಒಂದು ಅಂತರವಿದೆ. ಅರ್ಜಿ ಕೊಡುವವನಿಗೆ ಏನು ಕೇಳಬೇಕೆಂಬುದು ಮೊದಲೇ ಗೊತ್ತಿರಬೇಕು. ಸಂಶಯ ಹುಟ್ಟಿದವನಿಗೆ ಮಾತ್ರ ಅದು ನೆರವಾಗುತ್ತದೆ. ಸಂಶಯವೇ ಇಲ್ಲದೆ ಸಂಜೆಯ ಆಟಕ್ಕೆ ಟಿಕೆಟ್ಟು ಕೊಳ್ಳುವವನಿಗೆ ಬೇಕಾದದ್ದು ಕೇಳದೆಯೇ ಕಣ್ಣಿಗೆ ಬೀಳುವ ಬರಹ. ಕೇಳುವ ಮೊದಲೇ ಮಾಹಿತಿಯನ್ನು ತಾವಾಗಿ ಪ್ರಕಟಿಸಬೇಕೆಂದು ನಮ್ಮ ಕಾಯಿದೆಯ ನಾಲ್ಕನೆಯ ವಿಧಿ ಕಚೇರಿಗಳಿಗೆ ಹೇಳುತ್ತದೆ. ಅದರ ಆಶಯದೊಳಗೆ ಬೆಂಕಿಯ ನೋಟೀಸುಗಳನ್ನೂ, ಅವುಗಳಿಗೆ ಮುಂಚಿನ ಎಚ್ಚರಿಕೆಯ ಪತ್ರಗಳನ್ನೂ ಸೇರಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ.

ನಮ್ಮ ಊರುಗಳ ಹಳೆಯ ಶಾಸನಕಲ್ಲುಗಳಲ್ಲಿ ಎಷ್ಟೋ ಇಂದು ಓದುವವರಿಲ್ಲದೆ ಹುಲ್ಲಿನಲ್ಲಿ ಮುಚ್ಚಿಹೋಗಿವೆ. ಆದರೂ ಅವನ್ನು ನಿಲ್ಲಿಸಿದವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ಹತ್ತು ಜನರ ಬಾಳಿಗೆ ಸಂಬಂಧಿಸಿದ ಮಾತನ್ನು ಹತ್ತು ಜನ ಓಡಾಡುವ ಕಡೆ ನಿಲ್ಲಿಸಬೇಕು. ಬ್ರಾಡ್‌ಫರ್ಡಿನ ಆ ಪತ್ರವನ್ನು ಬರೆದವರು ತಮ್ಮ ಕೆಲಸವನ್ನು ಅರಿತವರು. ಅಪಾಯವನ್ನು ಸರಿಯಾಗಿ ಕಂಡಿದ್ದರು, ಸರಿಯಾಗಿ ಬರೆದಿದ್ದರು. ಆ ಶನಿವಾರ ಗ್ಯಾಲರಿಯಲ್ಲಿ ಕುಳಿತಿದ್ದವರಿಗೆ ಮಾತ್ರ ಅದನ್ನು ಯಾರೂ ತೋರಿಸಿರಲಿಲ್ಲ.